ಚೌಪಾಟಿಗೆ ಹೋಗುವ ಮುಂಚೆ

ನಾವು ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಇನ್ನೊಂದು ಸಂಸಾರ ಉಣ್ಣುತ್ತ ಕುಳಿತಿತ್ತು. ಮದುವೆಯಾಗಿ ನರಗುಂದದಿಂದ ಮುಂಬಯಿಗೆ ಬಂದ ದಿನ ನಾನು ಮೊದಲು ಕಂಡದ್ದು ಇದನ್ನೇ. ನನ್ನ ಟ್ರಂಕು ಹೊತ್ತ ಹಮಾಲ ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ. ಒಳಗೆ ಗಂಡ ಹೆಂಡತಿ ಇಬ್ಬರು ತಾಟಿನ ಮುಂದೆ ಕೂತು ಮೀನಿನ ಮುಳ್ಳು ಬಿಡಿಸುತ್ತಿದ್ದರು. ತಪ್ಪು ಬಾಗಿಲಿಗೆ ಬಂದೆವೆಂದು ನಾನು ಹಿಂದೆ ಸರಿದೆ. ನಮ್ಮವರು ಚಪ್ಪಲಿ ಕಳೆದು ಒಳಗೆ ಹೋದರು, ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ್ದ ಹಳೆಯ ಸೀರೆಯನ್ನು ಸರಿಸಿದರು, "ಬಾ, ಇತ್ತಾಗಿಂದು ನಮ್ಮದು" ಎಂದರು.

"ಮದುವಿ ಮಾತಾಡುವಾಗ ಮುಂಬೈಯಾಗ ಸ್ವಂತ ಖೋಲಿ ಐತಿ ಅಂದಿದ್ರಲ್ರಿ?" ಎಂದು ಕೇಳಿದೆ.

"ಐತಲ್ಲ. ಅರ್ಧಾ."

ಖೋಲಿ ಎಂದರೆ ಇಲ್ಲಿಯ ಮಾತಿನಲ್ಲಿ ಕೋಣೆ. ಪರೇಲಿನ ನಮ್ಮ ಚಾಳು ಒಂದು ಉದ್ದನೆಯ ಕಟ್ಟಡ. ಪ್ರತಿ ಅಂತಸ್ತಿಗೂ ಒಂದು ಪಡಸಾಲೆ, ಅದಕ್ಕೆ ಅಂಟಿಕೊಂಡು ಸಾಲಾಗಿ ಖೋಲಿಗಳು, ತುದಿಯಲ್ಲಿ ಎಲ್ಲರಿಗೂ ಸೇರಿ ನೀರಿನ ನಳ. ನರಗುಂದದ ನಮ್ಮ ತವರಿನಲ್ಲಿ ತಲೆಬಾಗಿಲು ದಾಟಿದ ಕೂಡಲೇ ಎತ್ತು ಕಟ್ಟುವ ಜಾಗವಿದೆಯಲ್ಲ, ನಮ್ಮ ಪಾಲಿನ ಅರ್ಧ ಖೋಲಿ ಅದಕ್ಕಿಂತ ಚಿಕ್ಕದು. ಎತ್ತುಗಳಿಗೆ ಪಕ್ಕದ ಎತ್ತಿನ ಗೊರಕೆಯ ಅಭ್ಯಾಸವಿರುತ್ತದೆ, ನನಗಿರಲಿಲ್ಲ. ಸೀರೆಯ ಆಚೆಗಿನವರು ಕೊಂಕಣದ ಸಮುದ್ರ ದಂಡೆಯವರು, ಗಂಡ ಗಿರಣಿ ಕೆಲಸಗಾರ. ಹೆಂಡತಿಯ ಹೆಸರು ಸುಲೋಚನಾಬಾಯಿ. ನಮ್ಮವರು ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತರು. ಹತ್ತಿಯಂತೂ ನಮ್ಮ ಕಡೆಯದೇ ಬರುತ್ತದೆ, ಗಾಡಿಯಲ್ಲಿ ಗಟ್ಟಿಯಾಗಿ ಬಿಗಿಸಿಕೊಂಡು. ನಾವೂ ಹಾಗೆಯೇ ಬಂದವರು.

ಈಗ ನಾನು ಹಳಬಳಾಗಿದ್ದೇನೆ. ಮರಾಠಿಯಲ್ಲಿ ಜಗಳಾಡಬಲ್ಲೆ, ಟ್ರಾಮಿನಲ್ಲಿ ಜಾಗ ಹಿಡಿಯಬಲ್ಲೆ. ಆದ್ದರಿಂದಲೇ ಇರಬೇಕು, ಸುಗ್ಗಿ ಮುಗಿದು ಜೋಳ ನೆಲದೊಳಗಿನ ಹಗೆವು ಸೇರಿತೆಂದರೆ ರೋಣ, ನರಗುಂದ, ಗಜೇಂದ್ರಗಡದ ಕಡೆಯ ಬಂಧುಬಳಗಕ್ಕೆಲ್ಲ ನನ್ನ ನೆನಪಾಗುತ್ತದೆ. ಹೊಲದಲ್ಲಿ ಕೆಲಸವಿಲ್ಲ, ಬಿತ್ತನೆಗೆ ಕಾಯುವ ಮಿರಗದ ಮಳೆ ಇನ್ನೂ ದೂರ, ಮುಂಬಯಿ ನೋಡಿ ಬರೋಣ ಎಂಬ ಮಾತು ಕಟ್ಟೆಯ ಮೇಲೆ ಹುಟ್ಟುತ್ತದೆ. ಬರುವವರಿಗೆ ಬೇಡ ಎನ್ನಲು ನಾನ್ಯಾರು? ಆದರೆ ಬರುವ ಮುಂಚೆ ನನ್ನ ಮಾತು ಕೇಳಿರಿ.

ಮೊದಲನೆಯದು, ವೈಶಾಖದಲ್ಲಿ ಬರಬೇಡಿ. ನಮ್ಮೂರ ಬಿಸಿಲು ಇದಕ್ಕಿಂತ ಖಾರ ಎಂದು ನೀವು ವಾದ ಮಾಡುತ್ತೀರಿ. ಹೌದು, ಖಾರವೇ. ಆದರೆ ನರಗುಂದದ ಬಿಸಿಲಲ್ಲಿ ಬೆವರು ಬಂದರೆ ಬೆನ್ನ ಮೇಲೆಯೇ ಒಣಗುತ್ತದೆ, ಬೇವಿನ ಮರದ ಕೆಳಗೆ ಕುಂತರೆ ಜೀವ ತಿರುಗಿ ಬರುತ್ತದೆ. ಇಲ್ಲಿ ಬೆವರು ಒಣಗುವುದೇ ಇಲ್ಲ. ಬೆವರಿಗೆ ಇಲ್ಲಿಯವರು ಘಾಮ ಎನ್ನುತ್ತಾರೆ. ಆ ಮಾತು ಬಾಯಲ್ಲಿ ಬಾರದೆ ಒಂದು ತಾಸೂ ಕಳೆಯುವುದಿಲ್ಲ. ಗೋಡೆ ಬೆವರುತ್ತದೆ, ಉಪ್ಪಿನ ಡಬ್ಬಿ ಬೆವರುತ್ತದೆ. ನೀವು ಪ್ರೀತಿಯಿಂದ ಕಟ್ಟಿಕೊಂಡು ಬರುವ ಕಟಕ ರೊಟ್ಟಿ ಪುಣೆಯ ತನಕ ಕಟಕ ಇರುತ್ತದೆ. ಅಲ್ಲಿ ಗಾಡಿ ಬದಲಿಸಿ ಘಟ್ಟ ಇಳಿದಿರೋ, ಒದ್ದೆ ಅರಿವೆಯಂತಾಗುತ್ತದೆ, ಮರುದಿನ ಬೂಸು ಹಿಡಿಯುತ್ತದೆ. ರೊಟ್ಟಿ ಬೇಡ, ಜೋಳದ ಹಿಟ್ಟು ತನ್ನಿ. ಶೇಂಗಾ ಚಟ್ನಿ ಎಷ್ಟು ತಂದರೂ ಬೇಡ ಎನ್ನುವುದಿಲ್ಲ.

ನಳಕ್ಕೆ ನೀರು ಬರುವುದು ಬೆಳಗಿನ ಜಾವ, ಆಮೇಲೆ ಸಂಜೆ ಸ್ವಲ್ಪ. ಆ ಹೊತ್ತಿಗೆ ಏಳದವರಿಗೆ ಜಳಕವಿಲ್ಲ, ಎಷ್ಟೇ ದೊಡ್ಡ ಗೌಡರಾಗಿರಲಿ. ಸಾಲಿನಲ್ಲಿ ನಿಮ್ಮ ಕೊಡ ನಿಂತಿದ್ದರೆ ನೀವು ನಿಂತಂತೆ; ಬೇರೆಯವರ ಕೊಡ ಸರಿಸಿದರೆ ಮಾತ್ರ ಇಡೀ ಚಾಳು ನಿಮ್ಮ ಮೇಲೆ ಬೀಳುತ್ತದೆ. ರಸ್ತೆಯಲ್ಲಿ ಯಾರಾದರೂ ಕನ್ನಡ ಮಾತಾಡಿದರೆಂದು ಹಿಗ್ಗಿ ಗಂಟು ಕೈಗೆ ಕೊಡಬೇಡಿ. ಮತ್ತು ಮನೆಯವರು ಕೆಲಸಕ್ಕೆ ಹೋದ ಮೇಲೆ ನಾನು ಒಬ್ಬಳೇ ಏನು ಮಾಡುತ್ತೇನೆಂದು ಕೇಳಬೇಡಿ. ಮೊದಲಿನ ವರ್ಷ ಪಡಸಾಲೆಯ ಕಟಕಟೆ ಹಿಡಿದು ರಸ್ತೆ ನೋಡುತ್ತ ನಿಲ್ಲುತ್ತಿದ್ದೆ, ಅಷ್ಟು ಮಂದಿಯಲ್ಲಿ ಒಬ್ಬರಾದರೂ ಕತ್ತೆತ್ತಿ "ಉಂಡ್ಯಾ ಗಿರಿಜಾ?" ಎನ್ನುತ್ತಾರೇನೋ ಎಂದು. ಯಾರೂ ಎನ್ನಲಿಲ್ಲ.

ಬೇಸಿಗೆಯ ಬಗ್ಗೆ ಇಷ್ಟು ಬಿರುಸಾಗಿ ಹೇಳಲು ಕಾರಣವಿದೆ. ಹೋದ ವೈಶಾಖದಲ್ಲಿ ನಮ್ಮ ದೊಡ್ಡವ್ವ ಇದೇ ಅರ್ಧ ಖೋಲಿಯಲ್ಲಿ ನೀರಿಲ್ಲದೆ ಸಾಯುವುದರಲ್ಲಿದ್ದಳು. ನೀರು ಇರಲಿಲ್ಲವೆಂದಲ್ಲ, ತುಂಬಿದ ತಂಬಿಗೆ ತಲೆಯ ಹತ್ತಿರವೇ ಇತ್ತು. ಅವಳು ಮುಟ್ಟಲೊಲ್ಲದೆ ಮಲಗಿದ್ದಳು.

ದೊಡ್ಡವ್ವ ಎಂದರೆ ನಮ್ಮ ಅವ್ವನ ಅಕ್ಕ, ಕೊಣ್ಣೂರಿನ ನೀಲವ್ವ. ಅವ್ವ ತೀರಿಹೋದ ಮೇಲೆ ನನ್ನ ತಲೆ ಬಾಚಿದವಳು, ಶಾಲೆಗೆ ಕಳಿಸಿದವಳು, ಮದುವೆ ಮಾಡಿಕೊಟ್ಟವಳು ಅವಳೇ. ಅವಳಿಗಿರುವುದು ನಾನೊಬ್ಬಳು, ನನಗೂ ಆ ಕಡೆ ತಾಯಿ ಎಂದು ಇರುವುದು ಅವಳೊಬ್ಬಳು. "ಸಾಯೂದರೊಳಗ ನಿನ್ನ ಸಂಸಾರ ಒಮ್ಮೆ ನೋಡಬೇಕು" ಎಂದು ಹೇಳಿಕಳಿಸಿದ್ದಳು. ಅಂಗಡಿಯ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದ ನಮ್ಮವರು ಬರುವಾಗ ಅವಳನ್ನು ಕರೆದುಕೊಂಡು ಬಂದರು.

ನಮ್ಮ ಪದ್ಧತಿ ಬಲ್ಲವರಿಗೆ ಹೇಳಬೇಕಾದ್ದಿಲ್ಲ, ಅರಿಯದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಕೂಸು ಹುಟ್ಟಿದಾಗಲೇ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅದು ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲೋ, ಬಡವರಾದರೆ ಅರಿವೆಯಲ್ಲೋ, ಜೀವ ಇರುವ ತನಕ ಇರುತ್ತದೆ. ಸತ್ತಾಗ ಅಂಗೈಯಲ್ಲಿ ಅದನ್ನೇ ಇಟ್ಟು ಮಣ್ಣು ಮಾಡುತ್ತಾರೆ. ದಿನಾ ಜಳಕವಾದ ಮೇಲೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೀರು ಹಾಕಿ, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆಮೇಲೆ ಬಾಯಿಗೆ ನೀರು. ಈಗ ಬಹಳ ಮಂದಿ ಇದರಲ್ಲಿ ಸಡಿಲವಾಗಿದ್ದಾರೆ. ದೊಡ್ಡವ್ವ ಸಡಿಲಲ್ಲ. ಲಿಂಗಕ್ಕೆ ತೋರಿಸದೆ ಅವಳು ಗುಟುಕು ನೀರು ಇಳಿಸಿದವಳಲ್ಲ.

ಅಂಥವಳು ಬಂದು ಸೇರಿದ್ದು ನಮ್ಮ ಖೋಲಿಗೆ. ಬಂದ ಬೆಳಿಗ್ಗೆಯೇ ಮೂಗಿಗೆ ಸೆರಗು ಹಿಡಿದಳು.

"ಏನಿದು ವಾಸನಿ?"

"ಮೀನು. ಸಣ್ಣಗ ಮಾತಾಡು, ಅವರಿಗೆ ಕೇಳಸ್ತೈತಿ."

"ಕೇಳ್ಲಿ. ಇದರೊಳಗ ಶಿವಪೂಜಿ ಹ್ಯಾಂಗ ಮಾಡ್ತೀ?"

ನಾನು ಹೇಗೆ ಮಾಡುತ್ತೇನೆಂದು ಹೇಳಲಿಲ್ಲ. ಸೀರೆಯ ಆ ಕಡೆ ಸುಲೋಚನಾಬಾಯಿ ಸ್ಟೋ ಪಂಪು ಹೊಡೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ಕನ್ನಡ ಬಾರದಿದ್ದರೂ ದನಿ ಯಾರಿಗೆ ತಿಳಿಯುವುದಿಲ್ಲ? ದೊಡ್ಡವ್ವ ಮೂಲೆಗೆ ಮುಖ ಮಾಡಿ, ತಲೆಯ ಮೇಲೆ ಸೆರಗು ಮುಚ್ಚಿಕೊಂಡು ಪೂಜೆ ಮಾಡಿಕೊಂಡಳು. ದಿನಾ ಹಾಗೆಯೇ ಮಾಡಿದಳು, ದಿನಾ ಅದೇ ಗೊಣಗಾಟ. ಕಡೆಗೆ ಒಂದು ಸಂಜೆ ಕೇಳಿದಳು, "ಈ ಊರಿಗೆ ಹೊಳಿ ಇಲ್ಲೇನು?"

"ಹೊಳಿ ಇಲ್ಲ. ಸಮುದ್ರ ಐತಿ."

"ನೀರು ಹೌದಲ್ಲ? ನಾಳೆ ಸೋಮವಾರ. ಅಲ್ಲೇ ಕುಂತು ಮಾಡಕೊಳ್ತೀನಿ, ನಡಿ."

ಕೊಣ್ಣೂರಿನಲ್ಲಿ ಸೋಮವಾರಕ್ಕೊಮ್ಮೆ ಅವಳ ಪೂಜೆ ಮಲಪ್ರಭೆಯ ದಂಡೆಯ ಮೇಲೆ. ಬೇಸಿಗೆಯಲ್ಲಿ ಹೊಳೆ ಮೊಣಕಾಲಿನಷ್ಟು ಇರುತ್ತದೆ. ಒಂದು ಕಲ್ಲಿನ ಮೇಲೆ ಕುಂತು, ಅಂಗೈಯನ್ನು ನೀರಿನ ಮಟ್ಟಕ್ಕೆ ಇಳಿಸಿ, ಕಣ್ಣು ಮುಚ್ಚಿಬಿಟ್ಟರೆ ಅವಳನ್ನು ಕರೆಯುವವರಿಲ್ಲ. ಚಿಕ್ಕವಳಿದ್ದಾಗ ನಾನು ಅವಳ ಪಕ್ಕದಲ್ಲಿ ಕುಂತು ಕಾದಿದ್ದೇನೆ.

ಬೆಳಿಗ್ಗೆ ಇಬ್ಬರೂ ಟ್ರಾಮು ಹತ್ತಿದೆವು. ದಾರಿಯುದ್ದಕ್ಕೂ ನಾನು ಕಿಸೆಗಳ್ಳರ ಬಗ್ಗೆ ಹೇಳಿದ್ದೇ ಹೇಳಿದ್ದು. ಕರಡಿಗೆ ಬೆಳ್ಳಿಯದು, ಕುಪ್ಪಸದ ಒಳಗೆ ಹಾಕಿಕೋ, ಮೇಲೆ ಸೆರಗು ಸುತ್ತಿಕೋ, ಯಾರಾದರೂ ಮೈಮೇಲೆ ಬಿದ್ದರೆ ಚೀರು. ಅವಳು ಎದೆಯ ಮೇಲೆ ಕೈ ಇಟ್ಟವಳು ಚೌಪಾಟಿ ಬರುವ ತನಕ ತೆಗೆಯಲಿಲ್ಲ. ನಾಲ್ಕು ಮಂದಿ ಗಂಡಸರು ಅವಳ ಕಣ್ಣಿಗೆ ಹೆದರಿ ದೂರ ನಿಂತರು.

ಚೌಪಾಟಿ ಎಂದರೆ ಊರಿನ ನಡುವೆಯೇ ಸಮುದ್ರಕ್ಕೆ ಬಾಯಿ ತೆರೆದ ಮರಳಿನ ಬಯಲು. ಸಂಜೆ ಜಾತ್ರೆಯಂತಿರುತ್ತದೆ, ಆ ಹೊತ್ತಿನಲ್ಲಿ ಖಾಲಿ ಇತ್ತು. ದೊಡ್ಡವ್ವ ನೀರು ಕಂಡು ನಿಂತೇ ಬಿಟ್ಟಳು. ಬಹಳ ಹೊತ್ತು ನೋಡಿ, "ಆ ಕಡಿ ದಂಡಿ ಎಲ್ಲೈತಿ?" ಎಂದಳು.

"ಇಲ್ಲ."

"ಇಲ್ಲಂದ್ರ?"

"ಇಲ್ಲ ಅಂದ್ರ ಇಲ್ಲ ದೊಡ್ಡವ್ವ. ಕಾಣೂದಿಲ್ಲ."

ಅವಳು ಕೈ ಮುಗಿದಳು. ಆಮೇಲೆ ಮರಳು ಒದ್ದೆಯಾಗಿರುವ ಕಡೆ, ನೀರಿಗೆ ಹತ್ತಿರ ಹೋಗಿ, ಕೊಣ್ಣೂರಿನ ಕಲ್ಲಿನ ಮೇಲೆ ಕುಂತ ಹಾಗೆಯೇ ಕುಂತಳು. ನಾನು ಅವಳ ಗಂಟು ಹಿಡಿದು ಒಣ ಮರಳಿನಲ್ಲಿ ನಿಂತೆ. ಕಳ್ಳರು ಬಂದಾರೆಂದು ಬೆನ್ನು ಅವಳ ಕಡೆ, ಮುಖ ರಸ್ತೆಯ ಕಡೆ ಮಾಡಿ ಕಾವಲು ಕಾಯುತ್ತಿದ್ದೆ. ನೀರು ಎದ್ದು ಬರುತ್ತದೆಂದು ಅವಳಿಗೆ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಹೊಳೆಯ ದಂಡೆಯವರು ನಾವು. ನಮ್ಮ ನೀರು ತನ್ನ ಪಾಡಿಗೆ ಬಲದಿಂದ ಎಡಕ್ಕೆ ಹೋಗುತ್ತದೆ. ಕುಂತವರ ಮೈಮೇಲೆ ಬರುವ ನೀರನ್ನು ದೊಡ್ಡವ್ವ ಜನ್ಮದಲ್ಲಿ ಕಂಡಿರಲಿಲ್ಲ.

ಅವಳ ದನಿ ಕೇಳಿ ತಿರುಗಿ ನೋಡಿದೆ. ತೆರೆ ಅವಳನ್ನು ಮಗ್ಗುಲಿಗೆ ಕೆಡವಿ ಹಿಂದೆ ಸರಿಯುತ್ತಿತ್ತು. ಎರಡೂ ಕೈಯಿಂದ ಮರಳು ಬಾಚುತ್ತಿದ್ದಳು. ಕೊರಳಲ್ಲಿ ಶಿವದಾರ ಇತ್ತು, ಬೆಳ್ಳಿಯ ಕರಡಿಗೆ ಇತ್ತು, ಅದರ ಮುಚ್ಚಳ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಪೂಜೆಗೆಂದು ತೆಗೆದ ಲಿಂಗ ಅಂಗೈಯಲ್ಲಿತ್ತು. ತೆರೆ ಬಡಿದಾಗ ಅಂಗೈ ಬಿಚ್ಚಿತು. ಕಳ್ಳರಾಗಿದ್ದರೆ ಬೆಳ್ಳಿ ಒಯ್ದು ಲಿಂಗ ಬಿಡುತ್ತಿದ್ದರು.

ನಾನೂ ಹುಚ್ಚಿಯಂತೆ ಅಗೆದೆ. ಸುತ್ತ ಮಂದಿ ಕೂಡಿದರು. ಬಂಗಾರ ಕಳೆದಿದೆ ಎಂದು ತಿಳಿದು ನಾಲ್ಕಾರು ಜನ ಪಂಚೆ ಎತ್ತಿಕಟ್ಟಿ ನೀರಿಗಿಳಿದರು. ಏನು ಕಳೆದದ್ದೆಂದು ಕೇಳಿದವರಿಗೆ ಹೇಳಿದೆ: ಕಪ್ಪಗಿನದು, ನೆಲ್ಲಿಕಾಯಿಯಷ್ಟು ದಪ್ಪ, ದೇವರು. ಒಬ್ಬೊಬ್ಬರಾಗಿ ಹೋದರು. ಅವರನ್ನು ಬೈದು ಏನು ಉಪಯೋಗ? ನೀರು ಏರುತ್ತಲೇ ಇತ್ತು. ದೊಡ್ಡವ್ವ ಕುಂತಿದ್ದ ಜಾಗ ಯಾವುದೆಂಬುದೂ ಆಮೇಲೆ ತಿಳಿಯದಾಯಿತು.

ಮನೆಗೆ ಬಂದ ಮೇಲೆ ತಂಬಿಗೆ ಕೊಟ್ಟೆ. ಬೆಳಗಿನಿಂದ ಬಾಯಿಗೆ ಹನಿ ನೀರು ಹಾಕಿರಲಿಲ್ಲ, ಪೂಜೆ ಆಗಿರಲಿಲ್ಲವಲ್ಲ. ಅವಳು ತಂಬಿಗೆಯನ್ನು ಮೆಲ್ಲಗೆ ಬದಿಗೆ ಸರಿಸಿದಳು.

"ಯಾರಿಗೆ ತೋರಸಿ ಕುಡೀಲಿ?" ಎಂದಳು.

ಅವಳು ಹಟಕ್ಕೆ ಹೇಳಿದ ಮಾತಲ್ಲ ಅದು, ನಿಜವಾಗಿ ಕೇಳಿದ ಪ್ರಶ್ನೆ. ಉತ್ತರ ಸಿಗುವ ತನಕ ಅವಳು ಕುಡಿಯುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಹೊರಗೆ ಗಾಳಿ ಎಂಬುದೇ ಇರಲಿಲ್ಲ. ತಗಡಿನ ಮಾಡು ಕಾದು ಟಿಕ್ಕು ಟಿಕ್ಕು ಎನ್ನುತ್ತಿತ್ತು. ಅವಳ ಮೈಯಿಂದ ಬೆವರು ಇಳಿಯುತ್ತಲೇ ಇತ್ತು; ಒಳಗೆ ಹೋಗದೆ ಹೊರಗೆ ಬರುತ್ತಿರುವ ಆ ನೀರನ್ನು ನೋಡುತ್ತ ನಾನು ಬೀಸಣಿಗೆ ಬೀಸಿದೆ.

ಸೀರೆ ಸರಿಯಿತು. ಸುಲೋಚನಾಬಾಯಿ ಏನಾಯಿತೆಂದು ಕೇಳಿದಳು. ನನ್ನ ಮರಾಠಿಯಲ್ಲಿ ಅಳುತ್ತ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು, ಆಗ ಭರತಿಯೋ ಓಹೋಟಿಯೋ ಎಂದು. ಭರತಿ ಎಂದರೆ ಸಮುದ್ರ ಏರುವುದು, ಓಹೋಟಿ ಎಂದರೆ ಇಳಿಯುವುದು. ದಿನಾ ಏರುತ್ತದೆ, ದಿನಾ ಇಳಿಯುತ್ತದೆ. ಅಷ್ಟು ವರ್ಷ ಮುಂಬಯಿಯಲ್ಲಿದ್ದು ನನಗೆ ಆ ಎರಡು ಮಾತು ಬರುತ್ತಿರಲಿಲ್ಲ, ಬೇಕಾಗಿರಲಿಲ್ಲ. "ಏರುವಾಗ ಹೋಗಿದ್ದರೆ ಇಳಿದ ಮೇಲೆ ನೋಡೋಣ, ನಡಿ" ಎಂದು ಅವಳೇ ಹೊರಟಳು. ನಮ್ಮವರೂ ಅಂಗಡಿಯಿಂದ ಬಂದು ಕೂಡಿಕೊಂಡರು. ನೀರು ದೂರ ಹೋಗಿತ್ತು. ಹೊತ್ತು ಮುಳುಗುವ ತನಕ ಮೂವರೂ ಬಗ್ಗಿ ಹುಡುಕಿದೆವು. ಕಪ್ಪಗಿನದು ಏನು ಕಂಡರೂ ಕೈ ಹಾಕಿದೆವು. ಇದ್ದಿಲು, ಚಿಪ್ಪು, ಮತ್ತೆ ಇದ್ದಿಲು. ಮರುದಿನದ ಇಳಿತಕ್ಕೂ ಸುಲೋಚನಾಬಾಯಿ ಒಬ್ಬಳೇ ಹೋಗಿ ಬಂದಳು. ಬಂದವಳು ಖಾಲಿ ಕೈ ತೋರಿಸಿ, ನೆಲಕ್ಕೆ ಕುಂತು, ದೊಡ್ಡವ್ವನಿಗೆ ಗಾಳಿ ಹಾಕತೊಡಗಿದಳು. ಆ ದಿನಗಳಲ್ಲಿ ಸೀರೆಯ ಆಚೆಯಿಂದ ಮೀನಿನ ವಾಸನೆ ಬರಲಿಲ್ಲ.

ಮರುದಿನದ ಹೊತ್ತಿಗೆ ದೊಡ್ಡವ್ವನ ತುಟಿಗಳು ಒಡೆದಿದ್ದವು. ನಾಲಿಗೆ ಅಂಟಿಕೊಂಡು ಮಾತು ತೊದಲುತ್ತಿತ್ತು. ಬೆವರು ನಿಂತಿತ್ತು, ನನಗೆ ಅದೇ ಹೆಚ್ಚು ಹೆದರಿಕೆ. ಚಾಳಿನ ಕೆಳಗೆ ಕುಳಿತುಕೊಳ್ಳುವ ಡಾಕ್ಟರು ಬಂದು ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಊರಿಗೆ ಕರೆದೊಯ್ಯಲೇ, ಅಲ್ಲಿ ಅವಳ ಗುರುಗಳಿದ್ದಾರೆ ಎಂದು ಕೇಳಿದೆ. ಈ ಸ್ಥಿತಿಯಲ್ಲಿ ಗಾಡಿ ಹತ್ತಿಸಿದರೆ ಪುಣೆ ಮುಟ್ಟುವುದೂ ಕಷ್ಟ, ನೀರು ಕುಡಿಸಿ, ಇಲ್ಲವಾದರೆ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ಎಂದರು. ಆಸ್ಪತ್ರೆಯ ಹೆಸರು ಕೇಳಿ ದೊಡ್ಡವ್ವ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ, ಅಷ್ಟು ಶಕ್ತಿ ಇನ್ನೂ ಇದೆಯಲ್ಲ ಎಂದು ನನಗೆ ಸಿಟ್ಟು ಬಂತು.

"ನನ್ನ ಮನ್ಯಾಗ ಸಾಯಾಕ ಬಂದಿಯೇನು? ನೀ ಹೋದರ ನನಗ ಯಾರದಾರ, ಅದನ್ನರ ಹೇಳು" ಎಂದು ಒದರಿದೆ.

ಅವಳು ಹೇಳಿದಳು, "ಸಾಯಾಕ ನನಗೇನು ಅಂಜಿಕಿ ಇಲ್ಲವಾ. ಮಣ್ಣ ಮಾಡುವಾಗ ಅಂಗೈಯಾಗ ಏನು ಇಡ್ತೀ, ಅದನ್ನ ಹೇಳು."

ನಾನು ಪಡಸಾಲೆಗೆ ಹೋಗಿ ಅತ್ತೆ. ಆ ಊರು, ಆ ಸಮುದ್ರ, ಆ ಚಾಳು, ನನ್ನನ್ನು ಅಲ್ಲಿಗೆ ತಂದ ಮದುವೆ, ಎಲ್ಲದರ ಮೇಲೆಯೂ ದ್ವೇಷ ಬಂತು. ಕೊಣ್ಣೂರಾಗಿದ್ದರೆ ಒಂದು ಕೂಗಿಗೆ ಮಠದ ಅಯ್ಯನವರು ಬರುತ್ತಿದ್ದರು. ಇಲ್ಲಿ ಲಕ್ಷ ಮಂದಿ ಇದ್ದಾರೆ, ಕೂಗಿದರೆ ಬರುವವರು ಯಾರು?

ಬಂದರು. ನಮ್ಮವರು ಗಿರಣಿಯಿಂದ ಗಿರಣಿಗೆ ಅಲೆದು ನಮ್ಮ ಕಡೆಯವರನ್ನು ಕೇಳುತ್ತ ಹೋಗಿ, ಮರುಳಯ್ಯ ಎಂಬವರನ್ನು ಹುಡುಕಿ ತಂದಿದ್ದರು. ಗಜೇಂದ್ರಗಡದ ಕಡೆಯ ಜಂಗಮರು, ಎಂದರೆ ಲಿಂಗ ಕಟ್ಟುವ ಅಧಿಕಾರವಿರುವ ಮನೆತನದವರು. ಆದರೆ ಇಲ್ಲಿ ಅವರ ಕೆಲಸ ಗಿರಣಿಯ ಸಾಂಚಾ ಖಾತೆಯಲ್ಲಿ, ಮಗ್ಗಗಳ ವಿಭಾಗದಲ್ಲಿ. ಪಾಳಿ ಮುಗಿಸಿ ನೇರವಾಗಿ ಬಂದಿದ್ದರು. ಹುಬ್ಬಿನ ಮೇಲೆ, ಕಿವಿಯ ಕೂದಲಿನ ಮೇಲೆ ಹತ್ತಿಯ ಧೂಳು ಬೆಳ್ಳಗೆ ಕುಂತಿತ್ತು. ಹಣೆಯ ಮೇಲೆ ವಿಭೂತಿ ಇದೆಯೋ ಹತ್ತಿ ಇದೆಯೋ ಹೇಳಲು ಬರುತ್ತಿರಲಿಲ್ಲ.

ದೊಡ್ಡವ್ವ ಕಣ್ಣು ತೆರೆದು ಅವರನ್ನು ನೋಡಿದಳು. "ಗಿರಣ್ಯಾಗ ದುಡ್ಯಾವರು ಏನ್ರಿ?"

"ಹೌದ್ರಿ ಯವ್ವಾ."

"ನನ್ನ ಗುರುಗಳು ಊರಾಗ ಅದಾರ. ನಿಮ್ಮ ಕೈಲೆ ಕಟ್ಟಿಸಿಕೊಳ್ಳಂಗಿಲ್ಲ. ಸಿಟ್ಟಾಗಬ್ಯಾಡ್ರಿ."

ನನಗೆ ಅವಳನ್ನು ಅಲ್ಲಾಡಿಸಿ ಬಿಡಬೇಕೆನಿಸಿತು. ಮರುಳಯ್ಯನವರು ವಾದಕ್ಕೆ ಇಳಿಯಲಿಲ್ಲ. "ಆತು ಯವ್ವಾ" ಎಂದು ಎದ್ದರು. ಹೋಗಿಯೇ ಬಿಟ್ಟರೆಂದುಕೊಂಡೆ. ಅವರು ಹೊಸ್ತಿಲು ದಾಟಿ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ಕುಂತರು. ನಮ್ಮ ಪಡಸಾಲೆಗೆ ಮಧ್ಯಾಹ್ನದ ಮೇಲೆ ಬಿಸಿಲು ನೆಟ್ಟಗೆ ಹೊಡೆಯುತ್ತದೆ. ನೀರು ತಂದಿಟ್ಟೆ. ಅವರು ತಂಬಿಗೆಯ ಕಡೆ ನೋಡಲಿಲ್ಲ.

"ಕುಡೀರಿ ಅಯ್ಯಾರ, ದಣದು ಬಂದೀರಿ."

"ಮನಿ ಹಿರ್ಯಾರು ಹಂಗ ಮಲಗಿರುವಾಗ ನಾ ಹ್ಯಾಂಗ ಕುಡೀಲಿ ತಂಗಿ? ಅವರು ಕುಡದ ಮ್ಯಾಲೆ ಕುಡೀತೀನಿ."

"ಅವರು ಕುಡಿಯಾಕ ಒಲ್ಲರು."

"ಹಂಗಾರ ನಾನೂ ಇಲ್ಲೇ ಕುಂತಿರ್ತೀನಿ."

ದೊಡ್ಡವ್ವನ ಮನೆಯಿಂದ ಜಂಗಮರು ಬಾಯಾರಿ ಹೋದ ದಿನವಿಲ್ಲ. ಅವಳ ಬಡತನದ ದಿನಗಳಲ್ಲೂ, ಮನೆಯಲ್ಲಿ ಮಜ್ಜಿಗೆ ಮಾತ್ರ ಇದ್ದಾಗಲೂ, ಬಾಗಿಲಿಗೆ ಬಂದ ಅಯ್ಯನವರಿಗೆ ಕೊಟ್ಟು ಆಮೇಲೆ ತಾನು ಕುಡಿದವಳು. ಅದು ಮರುಳಯ್ಯನವರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕಡೆಯ ಯಾವ ಮುದುಕಿಯಾದರೂ ಹಾಗೆಯೇ ಎಂಬುದು ಮಾತ್ರ ಅವರಿಗೆ ಗೊತ್ತಿತ್ತು.

ಬಿಸಿಲು ಅವರ ಕಾಲಿನಿಂದ ಮೊಣಕಾಲಿಗೆ, ಎದೆಗೆ ಏರಿತು. ಹತ್ತಿಯ ಧೂಳು ಬೆವರಿಗೆ ಅಂಟಿ ಕರಗಿ ಇಳಿಯಿತು. ಚಾಳಿನ ಹೆಂಗಸರು ಬಾಗಿಲುಗಳಲ್ಲಿ ಬಂದು ನಿಂತರು. ನಮ್ಮವರು ನೆರಳಿಗೆ ಬನ್ನಿರೆಂದು ಕೈ ಹಿಡಿದರೂ ಅವರು ಏಳಲಿಲ್ಲ. ಒಳಗೆ ಒಂದು ಜೀವ ಒಣಗುತ್ತಿತ್ತು, ಹೊರಗೆ ಇನ್ನೊಂದು ಒಣಗತೊಡಗಿತು, ನಡುವೆ ಹೊಸ್ತಿಲಿನಲ್ಲಿ ನಾನು. ಪಾಳಿ ಮುಗಿಸಿ ಬಂದ ಮನುಷ್ಯ, ಎಷ್ಟು ಹೊತ್ತು ತಡೆದಾರು? ಅವರು ಅಲ್ಲಿಯೇ ಬಿದ್ದುಬಿಟ್ಟರೆ ಎರಡು ಜೀವದ ಭಾರ ನನ್ನ ತಲೆಗೆ ಎಂದುಕೊಂಡೆ.

"ಗಿರಿಜಾ." ದೊಡ್ಡವ್ವನ ದನಿ. "ಅಯ್ಯಾರು ಹೋದ್ರೇನು?"

"ಇಲ್ಲ. ಬಿಸಲಾಗ ಕುಂತಾರ."

"ನೀರು ಕೊಟ್ಟಿಲ್ಲೇನು?"

"ಕೊಟ್ಟೇನಿ. ನೀ ಕುಡಿಯೂ ತನಕ ಒಲ್ಲರಂತ."

ಅವಳು ತಲೆ ಎತ್ತಲು ನೋಡಿದಳು. ಕಣ್ಣಿನಲ್ಲಿ ಸಿಟ್ಟಿತ್ತು, ಆ ಸಿಟ್ಟು ಕಂಡು ನನಗೆ ಜೀವ ಬಂತು. "ಇದು ಮೋಸ ಐತಿ" ಎಂದಳು.

ಹೊರಗಿನಿಂದ ಮರುಳಯ್ಯನವರೇ ಉತ್ತರ ಕೊಟ್ಟರು. ಅವರ ದನಿಯೂ ಒಣಗಿತ್ತು. "ಮೋಸನ ಐತಿ ಯವ್ವಾ. ಆದರ ನೀರಡಿಕಿ ಖರೇ ಐತಿ."

ಸುಲೋಚನಾಬಾಯಿ ಬೀಸಣಿಗೆ ಬೀಸುತ್ತಲೇ ಇದ್ದಳು. ದೊಡ್ಡವ್ವ ಮಾಡಿನ ಕಡೆ ನೋಡುತ್ತ ಮಲಗಿದ್ದಳು. ಲಿಂಗವಿಲ್ಲದೆ ನೀರು ಕುಡಿಯುವಂತಿಲ್ಲ, ಜಂಗಮರನ್ನು ಬಾಯಾರಿಸಿ ಕೂಡಿಸುವಂತೆಯೂ ಇಲ್ಲ. ಎರಡೂ ಅವಳೇ ಜೀವಮಾನವೆಲ್ಲ ನಡೆಸಿಕೊಂಡು ಬಂದದ್ದು. ಕಡೆಗೆ ಹೇಳಿದಳು, "ಒಳಗ ಕರಿ. ಲಿಂಗ ತಂದಾರೇನು ಕೇಳು."

ಅವರು ಸೊಂಟದ ಗಂಟಿನಿಂದ ಒಂದು ಚಿಕ್ಕ ಅರಿವೆಯ ಸುರುಳಿ ತೆಗೆದರು. ಈ ಚಾಳುಗಳಲ್ಲಿ ನಮ್ಮ ಮಂದಿಗೆ ಕೂಸು ಹುಟ್ಟಿದರೆ ಬೇಕಾಗುತ್ತದೆಂದು ಊರಿನಿಂದ ತಂದು ಇಟ್ಟುಕೊಂಡದ್ದಂತೆ.

"ಹುಟ್ಟಿದ ಕೂಸಿನ ಲಿಂಗ ನನಗ ಕಟ್ತೀರೇನ್ರಿ?" ಎಂದು ದೊಡ್ಡವ್ವ ಕೇಳಿದಳು.

"ಸಣ್ಣವರಿಗೆ ಒಂದು, ದೊಡ್ಡವರಿಗೆ ಒಂದು ಅಂತ ಬ್ಯಾರೆ ಇರೂದಿಲ್ಲ ಯವ್ವಾ."

ಮೈ ತೊಳೆಯಬೇಕು. ನಳದಲ್ಲಿ ಆ ಹೊತ್ತಿಗೆ ನೀರಿಲ್ಲ. ನಾನು ಎರಡು ಬೆಳಗಿನಿಂದ ನಳದ ಸಾಲಿಗೆ ಹೋಗಿರಲಿಲ್ಲ, ನಮ್ಮ ಕೊಡಗಳು ಬರಿದಾಗಿದ್ದವು, ಉಳಿದದ್ದು ಆ ಎರಡು ತಂಬಿಗೆ. ಸುಲೋಚನಾಬಾಯಿ ತನ್ನ ತಾಮ್ರದ ಹಂಡೆಯನ್ನು ಎಳೆದು ತಂದು ಸೀರೆಯ ಈಚೆ ಇಟ್ಟಳು. ಇಟ್ಟವಳು ಕೈ ಹಿಂದೆ ತೆಗೆದು, ನನ್ನ ಮುಖ ನೋಡಿದಳು. ನಾನು ದೊಡ್ಡವ್ವನ ಮುಖ ನೋಡಿದೆ.

"ಆಕೀನ ಹಾಕ್ಲಿ" ಎಂದಳು ದೊಡ್ಡವ್ವ. "ನಿನ್ನ ಕೈ ನಡಗಾಕತ್ತಾವ."

ಮರುಳಯ್ಯನವರು ಲಿಂಗ ಕಟ್ಟಿ ಕಿವಿಯಲ್ಲಿ ಮಂತ್ರ ಹೇಳಿದರು. ಆಮೇಲೆ ದೊಡ್ಡವ್ವ, ನಾನು ಬೆನ್ನಿಗೆ ಕೈ ಕೊಟ್ಟು ಹಿಡಿದಾಗ, ತಂಬಿಗೆಯನ್ನು ತಾನೇ ಎತ್ತಿ ಅವರ ಕೈಗೆ ಕೊಟ್ಟಳು. ಅರ್ಧ ಚೆಲ್ಲಿತು. ಉಳಿದದ್ದನ್ನು ಅವರು ನಿಲ್ಲಿಸದೆ ಕುಡಿದರು, ಗಂಟಲಿನ ಸದ್ದು ನಮಗೆಲ್ಲ ಕೇಳಿಸಿತು. ಅದನ್ನು ನೋಡಿದ ಮೇಲೆಯೇ ಅವಳು ಲಿಂಗಕ್ಕೆ ನೀರು ತೋರಿಸಿ, ಬೆರಳು ಅದ್ದಿ ತುಟಿಗೆ ಹಚ್ಚಿಕೊಂಡಳು, ಆಮೇಲೆ ಒಂದು ಗುಟುಕು, ಆಮೇಲೆ ಇನ್ನೊಂದು. ನಾನು ಸುಲೋಚನಾಬಾಯಿಯ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟೆ. ಅವಳ ಸೆರಗಿಗೆ ಮೀನಿನ ವಾಸನೆ ಇತ್ತು, ಅದು ಬೇಕೆನಿಸಿತು.

ದೊಡ್ಡವ್ವ ಮೈ ಹಿಡಿದುಕೊಳ್ಳುವ ತನಕ ನಮ್ಮಲ್ಲಿಯೇ ಇದ್ದಳು. ಗೊಣಗಾಟ ನಿಲ್ಲಲಿಲ್ಲ, ಆದರೆ ಈಗ ಸೀರೆ ಸರಿಸಿಯೇ ಗೊಣಗುತ್ತಿದ್ದಳು, ಸುಲೋಚನಾಬಾಯಿ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲವೆಂದು ನನಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ.

ಊರಿಗೆ ಹೊರಡುವ ದಿನ ಬೋರಿಬಂದರು ಸ್ಟೇಶನ್ನಿನಲ್ಲಿ ಗಾಡಿಯ ಕಿಟಕಿಯಿಂದ ನನ್ನ ಗಲ್ಲ ಹಿಡಿದಳು. "ಹಳೇದು ಇಲ್ಲೇ ನೀರಾಗ ಹೋತು. ಹೊಸಾದು ಇಲ್ಲೇ ಕಟ್ಟಿದ್ರು. ಅಂದ್ರ ನಾ ಈ ಊರಾಗನ ಸತ್ತು, ಈ ಊರಾಗನ ಹುಟ್ಟಿದಂಗಾತಲ್ಲ" ಎಂದಳು. ನಕ್ಕಳು ಎಂದುಕೊಂಡೆ, ನಕ್ಕಿರಲಿಲ್ಲ. "ಕೊಣ್ಣೂರಾಗ ಯಾರರ ಯಾವೂರವಾ ಅಂತ ಕೇಳಿದ್ರ ಏನಂತ ಹೇಳ್ಲಿ?"

ನನ್ನನ್ನೂ ಅದೇ ಕೇಳಬೇಕು. ನಾನು ಬಂದಾಗ ನರಗುಂದವೂ ಮುಂಬಯಿ ರಾಜ್ಯದ್ದೇ ಆಗಿತ್ತು. ಈಗ ಗೆರೆ ಎಳೆದು ನಿಮ್ಮನ್ನು ಮೈಸೂರಿನ ಕಡೆ ಮಾಡಿದ್ದಾರೆ, ನಾನು ಈ ಕಡೆ ಉಳಿದೆ. ಊರಿಗೆ ಹೋದಾಗ ಬಾಯಿ ತಪ್ಪಿ "ನಮ್ಮ ಮುಂಬಯಿಯಲ್ಲಿ" ಎನ್ನುತ್ತೇನೆ, ನೀವು ನಗುತ್ತೀರಿ. ಇಲ್ಲಿ "ನಮ್ಮ ಊರಲ್ಲಿ" ಎಂದರೆ ಯಾವ ಊರೆಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಒಂದೊಂದು ಇದೆ. ಅಲ್ಲಿಗೆ ಹೋದ ಮೂರನೆಯ ದಿನಕ್ಕೆ ಸಮುದ್ರದ ಗಾಳಿ ಬೇಕೆನಿಸುತ್ತದೆ, ಇಲ್ಲಿಗೆ ಬಂದು ಬಾಗಿಲು ತೆಗೆದ ಕೂಡಲೇ ಹೊಳೆಯ ದಂಡೆ ಬೇಕೆನಿಸುತ್ತದೆ. ಸೋಮವಾರ ಬಿಡುವಾದರೆ ಚೌಪಾಟಿಗೆ ಹೋಗಿ ಓಹೋಟಿಯ ಹೊತ್ತಿಗೆ ಒಂದಿಷ್ಟು ದೂರ ನಡೆದು ಬರುತ್ತೇನೆ. ಏನನ್ನೂ ಹುಡುಕುವುದಿಲ್ಲ.

ನೀವು ಬರುವವರೇ, ಅದೂ ಗೊತ್ತು. ವೈಶಾಖ ಬೇಡವೆಂದರೂ ವೈಶಾಖದಲ್ಲಿಯೇ ಬರುತ್ತೀರಿ. ಬನ್ನಿ. ಸಮುದ್ರ ನೋಡದೆ ಹೋಗಬೇಡಿ, ಎಲ್ಲಿ ಕೂರಬೇಕೆಂದು ನಾನು ತೋರಿಸುತ್ತೇನೆ. ಚಪ್ಪಲಿಯನ್ನು ಮಾತ್ರ ಒಣ ಮರಳಿನಲ್ಲಿಯೇ ಬಿಟ್ಟು ಇಳಿಯಿರಿ. ಅಲ್ಲಿ ನೀರಿನಲ್ಲಿ, ಹಳೆಯ ಲಿಂಗದ ಜೊತೆ, ನಮ್ಮ ದೊಡ್ಡವ್ವ ಇದ್ದಾಳೆ.